ಲೋಡ್ ಹಾಕಿ ನೋಡಿಯೇ ಕೊಂಡ ಪಿಕಪ್

ಹಳೆಯ ಪಿಕಪ್ಪನ್ನು ಲೋಡ್ ಹಾಕಿ ಏರು ಹತ್ತಿಸದೆ ಕೊಳ್ಳುವುದಿಲ್ಲ ಎಂದಾಗ ಕೋಲಾರದ ದಲ್ಲಾಳಿಗಳು ನಕ್ಕರು. ‘ಯಾವ ಮಾಲೀಕ ಒಪ್ಪುತ್ತಾನೆ ಬಾವ?’ ಎಂದ ನನ್ನ ಬಾವಮೈದ. ಬಹಳ ಮಂದಿ ಒಪ್ಪಲಿಲ್ಲ, ನಿಜ. ಒಪ್ಪದವರ ಗಾಡಿಯನ್ನು ನಾನು ಮತ್ತೆ ತಿರುಗಿ ನೋಡಲಿಲ್ಲ. ನಕ್ಕವರಲ್ಲೇ ಒಬ್ಬ ಈಚೆಗೆ ತನ್ನ ತಮ್ಮನ ಗಾಡಿ ನೋಡಲು ನನ್ನನ್ನು ಕರೆದೊಯ್ದ.

ನನಗೆ ಬೇಕಿದ್ದದ್ದು 1.7 ಟನ್ ಹೊರುವ ಬೊಲೆರೊ ಪಿಕಪ್. ನನ್ನ ತೋಟದ ಟೊಮೆಟೊ ಬಾಕ್ಸೊಂದಕ್ಕೆ 15 ಕೆ.ಜಿ., ಮೇಲೆ ಕ್ರೇಟಿನ ತೂಕ. ನೂರು ಬಾಕ್ಸಿಗೆ ಸರಿಹೋಗುತ್ತದೆ. ಬಾಡಿಗೆ ಗಾಡಿಗೆ ಬಾಕ್ಸಿಗೆ ಇಪ್ಪತ್ತು ರೂಪಾಯಿಯಂತೆ ಕೊಡುತ್ತಿದ್ದೆ. 2023ರ ಜುಲೈನಲ್ಲಿ ಬಾಕ್ಸ್ 2,000 ರೂ. ದಾಟಿದಾಗ ಅದು ಲೆಕ್ಕಕ್ಕೇ ಬರಲಿಲ್ಲ. ಬೆಲೆ ನೂರಕ್ಕೆ ಬಿದ್ದಾಗ ಐದರಲ್ಲಿ ಒಂದು ಪಾಲನ್ನು ಬಾಡಿಗೆಯೇ ನುಂಗಿತು. ಹೊಸ ಗಾಡಿಗೆ ಹತ್ತು ಲಕ್ಷದ ಆಸುಪಾಸು ಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ನಿಯಮದ ಸೆನ್ಸರುಗಳ ಗೋಜೂ ಬೇಡವೆಂದು ಅದಕ್ಕಿಂತ ಹಿಂದಿನದನ್ನೇ ಹುಡುಕಿದೆ.

ಮೀಟರು, ಪೇಂಟು ನಾನು ನೋಡುವುದಿಲ್ಲ. ಮೊದಲು ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಆರ್‌ಸಿಯಲ್ಲಿರುವ ಖಾಲಿ ತೂಕಕ್ಕೆ ಹೋಲಿಸುತ್ತೇನೆ. ಶ್ರೀನಿವಾಸಪುರದ ಕಡೆಯ ಒಂದು ಗಾಡಿ ಸುಮಾರು ಇನ್ನೂರು ಕೆ.ಜಿ. ಹೆಚ್ಚಿಗೆ ತೂಗಿತು. ಕೆಳಗೆ ನುಗ್ಗಿ ಹೊಸ ಕಪ್ಪು ಬಣ್ಣ ಕೆರೆದರೆ ಛಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಉದ್ದಕ್ಕೂ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿದ್ದರು. ಜಲ್ಲಿ ಹೊತ್ತ ಗಾಡಿ ಅದು. ಇಂಜಿನ್ ಮಾತ್ರ ಗಡಿಯಾರದಂತಿತ್ತು. ನನ್ನ ಮೆಕ್ಯಾನಿಕ್ ಅದನ್ನೇ ಕೊಳ್ಳಿ ಎಂದು ಪಟ್ಟು ಹಿಡಿದಿದ್ದ.

ಆಮೇಲೆ ಲೋಡ್. ಡೀಸೆಲ್ ನನ್ನದು, ಮಾಲೀಕನ ಕೈಗೆ ಸಾವಿರ ರೂಪಾಯಿ, ನನ್ನ ತೋಟದ ನೂರು ಬಾಕ್ಸ್. ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಫಸ್ಟ್ ಗೇರಿನಲ್ಲಿ ಎತ್ತಬೇಕು. ಮುಳಬಾಗಿಲಿನ ಒಂದು ಗಾಡಿಯ ಕ್ಲಚ್ ಅಲ್ಲೇ ಸುಟ್ಟ ವಾಸನೆ ಹೊಡೆಯಿತು. ಇನ್ನೊಂದು ಗಾಡಿ ಏರು ಹತ್ತಿತು, ಆದರೆ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಒಳಗಿಂದ ಹೊಗೆ ಬುಸುಗುಟ್ಟಿತು, ಇಂಜಿನ್ ಸವೆದ ಗುರುತು. ಖಾಲಿ ಓಡಿಸಿದಾಗ ಎರಡೂ ಚೊಕ್ಕವಾಗಿದ್ದವು. ಲೋಡ್ ಇದ್ದಾಗಲೇ ಹಿಂದಿನ ಎರಡೂ ಬದಿಯ ಸ್ಪ್ರಿಂಗ್ ಎಷ್ಟು ಕುಳಿತಿದೆ ಎಂದು ಅಳೆಯುತ್ತೇನೆ. ಒಂದು ಬದಿ ಎರಡು ಬೆರಳು ತಗ್ಗಿದ್ದರೆ ಮಾತು ಮುಗಿಯಿತು. ಮಾಲೀಕನಿಗೆ ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಾರುವವರೂ ಓದುತ್ತಾರೆ.

ಈ ಪರೀಕ್ಷೆಗಳಿಗೇ ಹನ್ನೆರಡು ಸಾವಿರದಷ್ಟು ಖರ್ಚಾಯಿತು. ದುಡ್ಡು ದಂಡ ಎಂದರು. ಕಡೆಗೆ ಸಿಕ್ಕಿದ್ದು ಬೇಕರಿಗೆ ಬ್ರೆಡ್ಡು, ಬನ್ನು ಹೊತ್ತ 2019ರ ಗಾಡಿ. ಸ್ಪ್ರಿಂಗ್ ಬಾಗೇ ಇರಲಿಲ್ಲ! ಆರು ಲಕ್ಷ ಹೇಳಿದರು, 5.40ಕ್ಕೆ ಮುಗಿಸಿದೆ. ಟಯರಿನ ಮೇಲೆ ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿ ನೋಡಿದರೆ ಎಲ್ಲವೂ ಹಳೆಯವು. ಟಯರು, ವಿಮೆ ಸೇರಿ ಇನ್ನೊಂದು ಐವತ್ತು ಸಾವಿರ. ಲೋಡಿನಲ್ಲಿ ಲೀಟರಿಗೆ ಹತ್ತು-ಹನ್ನೊಂದು ಕಿ.ಮೀ. ಕೊಡುತ್ತಿದೆ.

ಹಸುವಿನ ಕೊಟ್ಟಿಗೆಯ ರಬ್ಬರ್ ಮ್ಯಾಟನ್ನು ತಳಕ್ಕೆ ಹಾಸಿ ನೋಡಿದೆ. ಕೆಳಸಾಲಿನ ಹಣ್ಣು ಜಜ್ಜುವುದು ಚೆನ್ನಾಗಿ ಕಡಿಮೆಯಾಯಿತು, ಆದರೆ ಮಳೆಗಾಲದಲ್ಲಿ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿಯತೊಡಗಿತು. ಈಗ ಮ್ಯಾಟಿಗೆ ತೂತು ಕೊರೆದಿದ್ದೇನೆ.

ಕಾಗದಪತ್ರದಲ್ಲಿ ಹೆಸರು ಬದಲಾವಣೆಯ ಫಾರಂ 29, 30 ಎಲ್ಲರೂ ಕೊಡುತ್ತಾರೆ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿಯೊಂದಿಗೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಒಂದು ಲಕ್ಷ ತಡೆದಿಟ್ಟುಕೊಳ್ಳಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷವರ್ಷವೂ ಮಾಡಿಸಬೇಕು, ಆ ಖರ್ಚನ್ನೂ ಚೌಕಾಸಿಯಲ್ಲೇ ಕಳೆಯಿರಿ.