ಬ್ಯಾರನ್ ಮುಂಚ್‌ಹೌಸೆನ್: ಕತೆ ಬದಿಗಿಟ್ಟು ವಂಶಾವಳಿ ಕಟ್ಟಿದ ಬಗೆ

ಫಿರಂಗಿ ಗುಂಡಿನ ಮೇಲೆ ಕೂತು ಹಾರಿದ, ಬಡಾಯಿ ಕತೆಗಳ ಬ್ಯಾರನ್ ಎಲ್ಲರಿಗೂ ಗೊತ್ತು. ಜರ್ಮನಿಯ ಬೋಡನ್‌ವೆರ್ಡರ್ ಊರಿನ ಹಿರೋನಿಮಸ್ ಕಾರ್ಲ್ ಫ್ರೀಡ್ರಿಷ್ ಫೊನ್ ಮುಂಚ್‌ಹೌಸೆನ್ (1720–1797) ಎಂಬ ನಿಜವಾದ ಮನುಷ್ಯನ ವಂಶಾವಳಿ ಕಟ್ಟುವಾಗ ಆ ಕತೆಗಳನ್ನೆಲ್ಲ ನಾನು ಹೊರಗಿಟ್ಟೆ. ನಂಬುವಂಥ ಒಂದು ತಾರೀಖೂ ಅವುಗಳಲ್ಲಿ ಸಿಗುವುದಿಲ್ಲ.

ಮೊದಲು ಕವಲು ಗೊತ್ತುಮಾಡಿಕೊಳ್ಳಬೇಕು. ಮನೆತನದಲ್ಲಿ ಕರಿ ಶಾಖೆ, ಬಿಳಿ ಶಾಖೆ ಎಂದು ಎರಡಿವೆ. ಹಿರೋನಿಮಸ್ ಕರಿ ಶಾಖೆಯ ರಿಂಟೆಲ್ನ್–ಬೋಡನ್‌ವೆರ್ಡರ್ ಕವಲಿನವನು. ತಂದೆ ಗೆಯೋರ್ಗ್ ಒಟ್ಟೊ, ತಾಯಿ ರೇಡನ್ ಮನೆತನದ ಸಿಬಿಲ್ಲೆ ವಿಲ್ಹೆಲ್ಮಿನೆ. ಹಿಂದಿನ ತಲೆಮಾರುಗಳಿಗೆ 1740ರಲ್ಲಿ ಗ್ಯೋಟಿಂಗನ್‌ನಲ್ಲಿ ಅಚ್ಚಾದ, ಟ್ರೊಯರ್ ಬರೆದ ಈ ಮನೆತನದ ವಂಶಚರಿತ್ರೆ ಸಾಕು. ಮುಂದಿನದಕ್ಕೆ ಚರ್ಚಿನ ದಾಖಲೆ ಪುಸ್ತಕಗಳೇ ಗತಿ. ಹ್ಯಾನೋವರ್‌ನ ಸರ್ಕಾರಿ ದಾಖಲೆಗಳನ್ನು ನೆಚ್ಚಿಕೊಂಡು ಕೂರುವಂತಿಲ್ಲ: 1943ರ ಬಾಂಬು ದಾಳಿ, 1946ರ ನೆರೆ ಎರಡೂ ಸೇರಿ ಅವುಗಳಲ್ಲಿ ದೊಡ್ಡ ಪಾಲನ್ನು ನುಂಗಿವೆ.

ಚರ್ಚಿನ ಪುಸ್ತಕಗಳಲ್ಲಿರುವುದು ಕುರೆಂಟ್ ಲಿಪಿ, ಅಂದರೆ ಜರ್ಮನರ ಹಳೆಯ ಕೈಬರಹ. ಅದರಲ್ಲಿ ಎನ್, ಯು, ಇ ಒಂದೇ ಥರ ಕಾಣುತ್ತವೆ. ಯು ಮೇಲೆ ಮಾತ್ರ ಸಣ್ಣ ಕೊಂಕಿರುತ್ತದೆ. ನಾನು ಗೊತ್ತಿರುವ ಊರು-ಹೆಸರುಗಳನ್ನು ಮೊದಲು ಓದಿ, ಆ ಗುಮಾಸ್ತನದೇ ಅಕ್ಷರಪಟ್ಟಿ ಮಾಡಿಕೊಂಡು, ಆಮೇಲೆ ಉಳಿದದ್ದಕ್ಕೆ ಕೈಹಾಕುತ್ತೇನೆ. ತಿಂಗಳನ್ನು 7 ಹಾಕಿ ‘ಬ್ರಿಸ್’ ಎಂದು ಬರೆದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ; ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಎಂದರೆ ಏಳು. ದೀಕ್ಷಾಸ್ನಾನದ ನಮೂದಿನಲ್ಲಿ ಜ್ಞಾನ ತಂದೆತಾಯಿಯರ (ಮಗುವಿಗೆ ಧರ್ಮದ ಹೊಣೆ ಹೊತ್ತು ನಿಲ್ಲುವವರ) ಹೆಸರು ಬಿಡಲೇಬಾರದು. ಬೀಗರು, ಚಿಕ್ಕಪ್ಪಂದಿರು ಯಾರೆಂಬುದಕ್ಕೆ ಸುಳಿವು ಸಿಗುವುದು ಅಲ್ಲೇ.

ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಪಂಚಾಂಗ. ಜರ್ಮನಿಯ ಪ್ರಾಟೆಸ್ಟೆಂಟ್ ರಾಜ್ಯಗಳು 1700ರಲ್ಲೇ ಹೊಸ (ಗ್ರೆಗೋರಿಯನ್) ಎಣಿಕೆಗೆ ಬಂದವು. ರಷ್ಯಾದ ಸೇನೆ ಸೇರಿದ್ದ ಹಿರೋನಿಮಸ್ ಇದ್ದ ಲಿವೋನಿಯಾ (ಇಂದಿನ ಲಾಟ್ವಿಯಾ–ಎಸ್ಟೋನಿಯಾ ಸೀಮೆ) ರಷ್ಯಾದ ಆಳ್ವಿಕೆಯಲ್ಲಿ ಹಳೆಯ (ಜೂಲಿಯನ್) ಎಣಿಕೆಯಲ್ಲೇ ಉಳಿಯಿತು. ಆ ಶತಮಾನದಲ್ಲಿ ಅಂತರ 11 ದಿನ. ಮುಂದೆ ಕ್ಯಾಥರೀನ್ ಮಹಾರಾಣಿಯಾದ ರಾಜಕುಮಾರಿ ಸೋಫಿ ರೀಗಾಕ್ಕೆ ಬಂದದ್ದು, ಹಿರೋನಿಮಸ್ ಅವಳನ್ನು ಸ್ವಾಗತಿಸಿದ್ದು, ಹೊಸ ಎಣಿಕೆಯಲ್ಲಿ 1744ರ ಫೆಬ್ರವರಿ 6. ಹಿರೋನಿಮಸ್ ಪೆರ್ನಿಗೆಲ್‌ನಲ್ಲಿ ಯಾಕೊಬಿನೆ ಫೊನ್ ಡುಂಟೆನ್‌ಳನ್ನು ಮದುವೆಯಾದದ್ದು ಫೆಬ್ರವರಿ 2. ಹಾಗೇ ಜೋಡಿಸಿದರೆ ಮದುವೆ ಮೊದಲು, ಸ್ವಾಗತ ಆಮೇಲೆ ಎಂದಾಗುತ್ತದೆ. ಲಿವೋನಿಯಾದ ಆ 2ನ್ನು ಹಳೆಯ ಎಣಿಕೆಯಾಗಿ ಓದಿದರೆ ಅದು 13, ಕ್ರಮ ತಿರುಗುಮುರುಗು. ಅದಕ್ಕೇ ಮೂಲದ ತಾರೀಖು ಒಂದು ಅಂಕಣ, ಬದಲಿಸಿದ್ದು ಇನ್ನೊಂದು. ಮೂಲವನ್ನು ಎಂದೂ ಅಳಿಸಬಾರದು.

ರಷ್ಯಾದ ಸೇನೆಯಲ್ಲಿ ಅವನ ಬಡ್ತಿಗಳನ್ನು ನೋಡಿದರೆ 1740ರ ಲೆಫ್ಟಿನೆಂಟ್ ಹುದ್ದೆಗೂ 1750ರ ರಿಟ್‌ಮೈಸ್ಟರ್ (ಕುದುರೆಪಡೆಯ ಕ್ಯಾಪ್ಟನ್) ಹುದ್ದೆಗೂ ನಡುವೆ ಹತ್ತು ವರ್ಷ ಖಾಲಿ. ಕಾಗದ ಕಳೆದಿದೆ ಎಂದುಕೊಳ್ಳಬೇಡಿ. ಅವನ ಆಶ್ರಯದಾತ, ಬ್ರೌನ್‌ಶ್ವೈಗ್‌ನ ಆಂಟೊನ್ ಉಲ್ರಿಷ್, 1741ರಲ್ಲಿ ಎಲಿಜಬೆತ್ ರಷ್ಯಾದ ಸಿಂಹಾಸನ ಕಿತ್ತುಕೊಂಡಾಗ ಸೆರೆಯಾದ. ಕೈಹಿಡಿದು ಎತ್ತುವವರು ಉಳಿಯಲಿಲ್ಲ.

ಯಾಕೊಬಿನೆ 1790ರಲ್ಲಿ ತೀರಿಕೊಂಡಳು, ಮಕ್ಕಳಿರಲಿಲ್ಲ. 1794ರಲ್ಲಿ ಮುದುಕ ಹಿರೋನಿಮಸ್ ಹರೆಯದ ಬೆರ್ನ್‌ಹಾರ್ಡಿನೆ ಫೊನ್ ಬ್ರುನ್‌ಳನ್ನು ಕಟ್ಟಿಕೊಂಡ; 1795ರ ಫೆಬ್ರವರಿಯಲ್ಲಿ ಹುಟ್ಟಿದ ಮಗು ತನ್ನದಲ್ಲ ಎಂದ; ವಿಚ್ಛೇದನದ ಮೊಕದ್ದಮೆ ನಡೆಯಿತು. ಇಂಥ ಕಡೆ ವಂಶಾವಳಿಕಾರ ನ್ಯಾಯಾಧೀಶನಾಗಬಾರದು. ದಾಂಪತ್ಯ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗುವನ್ನು ನಾನು ಇಬ್ಬರ ಕೆಳಗೇ ಬರೆದು, ತಕರಾರನ್ನು ಟಿಪ್ಪಣಿಗೆ ಹಾಕಿದ್ದೇನೆ.