ಉಪ್ಪಿನ ಕೋಣೆ ಅತ್ತ ಮಳೆಗಾಲ

ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಹಿಂದುಗಡೆ 10ಕ್ಕೆ 12 ಅಡಿಯ ಕೋಣೆ ಖಾಲಿ ಬಿದ್ದಿತ್ತು. ಅದನ್ನೇ ಸಾಲ್ಟ್ ರೂಮ್, ಅಂದರೆ ಉಪ್ಪಿನ ಪುಡಿ ಬೆರೆತ ಗಾಳಿ ಉಸಿರಾಡುತ್ತ ಕೂರುವ ಕೋಣೆ, ಮಾಡಿದೆ. ಗೋಡೆಗೆಲ್ಲ ಗುಲಾಬಿ ಬಣ್ಣದ ಉಪ್ಪಿನ ಇಟ್ಟಿಗೆ, ಹಿಂದೆ ಹಳದಿ ದೀಪ, ನೆಲಕ್ಕೆ ದಪ್ಪ ಹರಳುಪ್ಪು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಖರ್ಚಿನ ಅರ್ಧ ಆ ಇಟ್ಟಿಗೆಗೇ ಹೋಯಿತು. ಅಲ್ಲೇ ನಾನು ಎಡವಿದ್ದು.

ಇಟ್ಟಿಗೆ ಬರೀ ಅಲಂಕಾರ. ಗೋಡೆಯಲ್ಲಿ ಕೂತ ಉಪ್ಪು ಗಾಳಿಗೆ ಹಾರಿ ನಮ್ಮ ಎದೆಗೆ ಇಳಿಯುವುದಿಲ್ಲ. ಕೆಲಸ ಮಾಡುವುದು ಹ್ಯಾಲೋಜನರೇಟರ್ ಎಂಬ ಯಂತ್ರ. ಅದು ಶುದ್ಧ ಸೋಡಿಯಂ ಕ್ಲೋರೈಡನ್ನು ಒಂದರಿಂದ ಐದು ಮೈಕ್ರಾನ್‌ನಷ್ಟು ನುಣ್ಣಗೆ ಅರೆದು ಕೋಣೆಯೊಳಗೆ ಊದುತ್ತದೆ. ಅಷ್ಟು ಸಣ್ಣಗಿದ್ದರೆ ಮಾತ್ರ ಶ್ವಾಸನಾಳದ ಆಳಕ್ಕೆ ಹೋಗುತ್ತದೆ. ದಪ್ಪ ಪುಡಿ ಮೂಗು, ಗಂಟಲಲ್ಲೇ ನಿಂತುಬಿಡುತ್ತದೆ. ಉಪ್ಪು ನೀರನ್ನು ಎಳೆಯುತ್ತದೆ, ಹಾಗಾಗಿ ಕಫ ತೆಳುವಾಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ.

1843ರಲ್ಲಿ ಪೋಲೆಂಡಿನ ವೈದ್ಯ ಫೆಲಿಕ್ಸ್ ಬೊಚ್ಕೊವ್‌ಸ್ಕಿ ವಿಯೆಲಿಚ್ಕಾ ಉಪ್ಪಿನ ಗಣಿಯ ಗಾಳಿಯ ಬಗ್ಗೆ ಬರೆದ. ಅಲ್ಲಿಂದ ಶುರುವಾದ ಕಥೆ ಇದು. ಗಣಿಗೆ ಇಳಿಯುವ ಬದಲು ಗಣಿಯ ಗಾಳಿಯನ್ನೇ ಕೋಣೆಗೆ ತರೋಣ ಅಂತ ಯಂತ್ರ ಬಂದದ್ದು ಆಮೇಲೆ, ಸೋವಿಯತ್ ಕಾಲದಲ್ಲಿ.

ಏಪ್ರಿಲ್‌ನಲ್ಲಿ ಬಾಗಿಲು ತೆರೆದೆ. ನಮ್ಮ ಬಿಸಿಲು ಗೊತ್ತಲ್ವಾ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಉಪ್ಪು ಹುರಿದಿಟ್ಟಂತೆ ಗರಿಗರಿ. ಯಂತ್ರ ಸರಾಗವಾಗಿ ಓಡಿತು. ನಾನೂ ಹಿಗ್ಗಿದೆ.

ಆಗಸ್ಟ್‌ನಲ್ಲಿ ನಾಲ್ಕು ದಿನ ಜಿಟಿಜಿಟಿ ಮಳೆ. ರಾತ್ರಿ ಕರೆಂಟ್ ಹೋಗಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಪ್ರತಿ ಇಟ್ಟಿಗೆಯ ಕೆಳಮೂಲೆಯಲ್ಲಿ ಒಂದೊಂದು ಹನಿ ತೂಗುತ್ತಿದೆ. ದೀಪದ ಸ್ಕ್ರೂ ತುಕ್ಕು ಹಿಡಿದು ಗೋಡೆ ಮೇಲೆ ಕೆಂಪು ಗೆರೆ ಇಳಿದಿದೆ. ನೆಲದ ಉಪ್ಪು ಹೆಂಟೆಗಟ್ಟಿದೆ, ಅದರ ನೀರು ಬಾಗಿಲಾಚೆಯ ಶಹಾಬಾದ್ ಫರಸಿಗೆ ಹರಿದಿದೆ. ಕಸ ಗುಡಿಸಲು ಬಂದ ಅಕ್ಕ ನೋಡಿ, "ಸರ್, ನಿಮ್ಮ ಉಪ್ಪಿನ ಮನಿ ಅಳ್ಲಕತ್ತದ್ರಿ" ಅಂದರು. ತೇವದ ಮೀಟರ್ 81 ತೋರಿಸುತ್ತಿತ್ತು.

ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ನೀರು ಕುಡಿದು ಕರಗಲು ಶುರು. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಒದ್ದೆಯಾಗುವುದೂ ಇದಕ್ಕೇ. ಅವ್ವ ಭರಣಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿಡುತ್ತಿದ್ದಳು. ನಾನು ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ತಂದೆ. ಅದಕ್ಕಿಂತ ಮುಂಚೆ ಹ್ಯಾಲೋಜನರೇಟರ್ ಒಳಗಿನ ಪುಡಿಯೂ ಗಂಟುಕಟ್ಟಿ ಬ್ಲೇಡ್ ಜಾಮ್ ಆಗಿತ್ತು. ರಿಪೇರಿಗೆ ಹೈದರಾಬಾದಿಗೆ ಕಳಿಸಬೇಕಾಯಿತು. ಈಗ ತೇವ 50ರ ಆಸುಪಾಸು ಇದ್ದರೆ ಮಾತ್ರ ಸ್ವಿಚ್ ಹಾಕುತ್ತೇನೆ. ಯಂತ್ರಕ್ಕೆ ಅಡುಗೆ ಉಪ್ಪು ಹಾಕುವುದಿಲ್ಲ. ಅದರಲ್ಲಿ ಅಯೋಡಿನ್ ಇರುತ್ತದೆ, ಗಂಟಾಗದಂತೆ ಸೇರಿಸಿದ ಪುಡಿಯೂ ಇರುತ್ತದೆ. ಇನ್ನು ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಬರುವವರಲ್ಲಿ ಹೆಚ್ಚಿನವರು ಧೂಳಿನವರು. ದಾಲ್ ಮಿಲ್ಲಿನವರು, ಕಲ್ಲಿನ ಗಣಿಯವರು. ಮೊದಲ ತಿಂಗಳು ಬಂದ ಒಬ್ಬ ಕಾಕಾ ಮೂವತ್ತು ವರ್ಷ ತೊಗರಿಬೇಳೆ ಮಿಲ್ಲಿನಲ್ಲಿ ದುಡಿದವರು. 45 ನಿಮಿಷದ ಸೆಷನ್. ಹತ್ತನೇ ನಿಮಿಷಕ್ಕೇ ಎದೆ ಹಿಡಿದುಕೊಂಡು ಕೆಮ್ಮಿದರು. ತಕ್ಷಣ ಯಂತ್ರ ನಿಲ್ಲಿಸಿ ಹೊರಗೆ ಕೂರಿಸಿದೆ. ಅವರ ಜೇಬಿನಲ್ಲಿ ಇನ್ಹೇಲರ್ ಇತ್ತು, ನಾನು ಕೇಳಿರಲಿಲ್ಲ. ಆಸ್ತಮಾ ಇದ್ದವರಿಗೆ ಉಪ್ಪಿನ ಪುಡಿಯಿಂದ ಕೆಲವೊಮ್ಮೆ ಶ್ವಾಸನಾಳ ಇನ್ನೂ ಬಿಗಿಯಾಗುತ್ತದೆ. ಓದಿದ್ದೆ, ಆದರೆ ಆ ದಿನ ತಲೆಯಲ್ಲಿ ಇರಲಿಲ್ಲ. ತಪ್ಪು ನನ್ನದೇ.

ಈಗ ಮೊದಲು ಕೂತು ಮಾತಾಡುತ್ತೇನೆ. ಕೆಮ್ಮು ಎರಡು ವಾರ ದಾಟಿದ್ದರೆ ಕೋಣೆಗೆ ಬಿಡುವುದಿಲ್ಲ, ಮೊದಲು ಕಫ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನುತ್ತೇನೆ. ಟಿಬಿ ಇದ್ದರೆ ಮುಚ್ಚಿದ ಕೋಣೆಯಲ್ಲಿ ಪಕ್ಕದವರ ಗತಿಯೇನು? ಜ್ವರ, ಕಫದಲ್ಲಿ ರಕ್ತ, ಹತೋಟಿಗೆ ಬರದ ಬಿಪಿ ಇದ್ದವರಿಗೂ ಬೇಡ. ಆಸ್ತಮಾದವರು ಡಾಕ್ಟರನ್ನು ಕೇಳಿಯೇ ಬರಬೇಕು, ಇನ್ಹೇಲರ್ ಬಿಡಬಾರದು. "ಇದರಿಂದ ಆರಾಮ ಆಗ್ತದೇನ್ರಿ?" ಅಂತ ಕೇಳಿದರೆ ನೇರವಾಗಿ ಹೇಳುತ್ತೇನೆ: ಮೂಗು ಕಟ್ಟಿದ್ದು ಬಿಟ್ಟಂತೆ ಕೆಲವರಿಗೆ ಅನ್ನಿಸುತ್ತದೆ, ರೋಗ ವಾಸಿಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ.

ಆ ಕಾಕಾ ಡಾಕ್ಟರ ಚೀಟಿ ಹಿಡಿದು ವಾಪಸ್ ಬಂದರು. ಅದರಲ್ಲಿ ಬೇಡ ಅಂತಲೇ ಬರೆದಿತ್ತು. ಆದರೂ ಗುರುವಾರಕ್ಕೊಮ್ಮೆ ಬರುತ್ತಾರೆ. ಪಕ್ಕದ ಕೋಣೆಯಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುತ್ತೇನೆ.

ಗೋಡೆಯಿಂದ ಬಿಚ್ಚಿದ ಇಟ್ಟಿಗೆಗಳನ್ನು ಏನು ಮಾಡುವುದು ಅಂತ ಯೋಚಿಸುತ್ತಿದ್ದಾಗ ಅವರೇ ಎರಡು ಚೀಲ ತುಂಬಿಕೊಂಡು ಊರಿಗೆ ಒಯ್ದರು. ಕೊಟ್ಟಿಗೆಯಲ್ಲಿ ಕಟ್ಟಿಟ್ಟಿದ್ದಾರಂತೆ. "ಎಮ್ಮಿ ನೆಕ್ಕಿ ನೆಕ್ಕಿ ಕಲ್ಲ ಸಣ್ಣ ಮಾಡ್ಯಾವ್ರಿ, ಇನ್ನ ಅದಾವೇನು?" ಅಂತ ಮೊನ್ನೆ ಕೇಳಿದರು.