ಎಜ್‌ಫೀಲ್ಡ್ ಸ್ಮಶಾನದಲ್ಲಿ ಎರಡು ಕನ್ನಡಿ

ಸವೆದ ಸಮಾಧಿ ಕಲ್ಲನ್ನು ಮುಟ್ಟದೆ, ಸೀಮೆಸುಣ್ಣ ಬಳಿಯದೆ ಓದಬಹುದು, ಅದಕ್ಕೆ ಒಂದಲ್ಲ ಎರಡು ಕನ್ನಡಿ ಬೇಕು ಅಂತ ನಾನು ಹೇಳುತ್ತಾ ಬಂದು ವರ್ಷಗಳಾದವು. ಹಳೆಯ ಸಮಾಧಿ ಕಲ್ಲುಗಳನ್ನು ಓದಿ ಪಟ್ಟಿ ಮಾಡುವ ನಮ್ಮ ಗುಂಪಿನ ಹಳಬರು ನಂಬಲಿಲ್ಲ. "ಒಂದರಲ್ಲಿ ಕಾಣದ್ದು ಎರಡರಲ್ಲಿ ಕಾಣುತ್ತಾ?" ಅಂದರು. ಕಂಡಿತು. ಅದೂ ಅವರೇ 'ಓದಲಾಗದು' ಎಂದು ಬರೆದು ಕೈಬಿಟ್ಟಿದ್ದ ಕಲ್ಲುಗಳಲ್ಲಿ.

ಜಾಗ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಎಜ್‌ಫೀಲ್ಡ್. ನಾನಿರುವ ಅಗಸ್ಟಾದಿಂದ ಸುಮಾರು 40 ಕಿ.ಮೀ. ಪುಟ್ಟ ಊರು, ಆದರೆ ಈ ಸೀಮೆಯಿಂದ ರಾಜ್ಯಕ್ಕೆ ಹತ್ತು ಗವರ್ನರ್‌ಗಳು ಬಂದರು ಅಂತ ಊರಿನವರ ಹೆಮ್ಮೆ. ಇಲ್ಲಿನ ವಿಲೋಬ್ರೂಕ್ ಸ್ಮಶಾನದಲ್ಲಿ ಸಂಸದ ಪ್ರೆಸ್ಟನ್ ಬ್ರೂಕ್ಸ್ ಇದ್ದಾನೆ. 1856ರ ಮೇ 22ರಂದು ಸೆನೆಟ್ ಸಭಾಂಗಣದೊಳಗೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ಕೈಕೋಲಿನಿಂದ ರಕ್ತ ಬರುವಂತೆ ಬಡಿದವನು. ಕೋರ್ಟು ಹಾಕಿದ್ದು 300 ಡಾಲರ್ ದಂಡ. ರಾಜೀನಾಮೆ ಕೊಟ್ಟ, ಜನ ಮತ್ತೆ ಗೆಲ್ಲಿಸಿದರು. ಮುಂದಿನ ಜನವರಿಯಲ್ಲಿ ಗಂಟಲು ಬೇನೆಯಿಂದ ಸತ್ತ, ವಯಸ್ಸು 37. 1860ರಲ್ಲಿ ರಾಜ್ಯ ಅಮೆರಿಕದ ಒಕ್ಕೂಟ ಬಿಟ್ಟು ಹೋದಾಗ ಗವರ್ನರ್ ಆಗಿದ್ದ ಫ್ರಾನ್ಸಿಸ್ ಪಿಕೆನ್ಸ್ ಇಲ್ಲಿದ್ದಾನೆ. ಹಾಗೆ ಬಿಟ್ಟುಹೋದ ದಕ್ಷಿಣದ ರಾಜ್ಯಗಳ ನೋಟಿನ ಮೇಲೆ ಮುಖ ಅಚ್ಚಾಗಿದ್ದ ಅವನ ಹೆಂಡತಿ ಲೂಸಿಯೂ ಇಲ್ಲೇ. ಅಂತರ್ಯುದ್ಧದಲ್ಲಿ, 1863ರಲ್ಲಿ, ಕಾಲು ಕಳೆದುಕೊಂಡು, 1877ರಿಂದ ಹದಿನೆಂಟು ವರ್ಷ ಸೆನೆಟರ್ ಆಗಿದ್ದ ಮ್ಯಾಥ್ಯೂ ಬಟ್ಲರ್ ಇದ್ದಾನೆ. ಅವನ ಸೀಟು ಕಿತ್ತುಕೊಂಡ ಬೆನ್ ಟಿಲ್ಮನ್ ಪಕ್ಕದ ಟ್ರೆಂಟನ್‌ನಲ್ಲಿ. ವಿಲೋಬ್ರೂಕ್‌ಗೆ ಇವರಲ್ಲಿ ಕೊನೆಗೆ ಬಂದದ್ದು ಸೆನೆಟರ್ ಸ್ಟ್ರಾಮ್ ಥರ್ಮಂಡ್, 2003ರಲ್ಲಿ, ನೂರು ತುಂಬಿದ ಮೇಲೆ. ನಾಗರಿಕ ಹಕ್ಕುಗಳ ಮಸೂದೆ ತಡೆಯಲು 1957ರಲ್ಲಿ 24 ಗಂಟೆ 18 ನಿಮಿಷ ನಿಂತು ಮಾತಾಡಿದವನು.

ಇವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಗುಲಾಮಗಿರಿಯನ್ನೂ ವರ್ಣಭೇದವನ್ನೂ ಹಟ ಹಿಡಿದು ಕಾಪಾಡಿದ ಮಂದಿ. ಅದಕ್ಕೇ ದಾಖಲೆ ಸರಿಯಾಗಿರಬೇಕು ಅನ್ನುತ್ತೇನೆ. ಯಾರ ಮಗ, ಯಾರ ಅಳಿಯ, ಯಾವ ವರ್ಷ ಎಂಬುದು ಗೊತ್ತಾದರೆ ಅಧಿಕಾರ ಯಾವ ಯಾವ ಮನೆಗಳಲ್ಲಿ ಸುತ್ತಿತು ಅನ್ನುವುದೂ ಗೊತ್ತಾಗುತ್ತದೆ. ದೊಡ್ಡವರ ಹೆಸರು ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಸುತ್ತಲಿನ ಚಿಕ್ಕ ಅಮೃತಶಿಲೆಗಳಲ್ಲಿ. ನೂರೈವತ್ತು ವರ್ಷದ ಮಳೆಗೆ ಮೈಯೆಲ್ಲ ಸಕ್ಕರೆ ಉದುರಿದಂತೆ ಆಗಿರುತ್ತದೆ.

ದುಡ್ಡು ಎಷ್ಟು ಸುರಿದೆ ಹೇಳುತ್ತೇನೆ. ಮೊದಲು ಫ್ಲ್ಯಾಶ್, ಟ್ರಿಗರ್, ಸ್ಟ್ಯಾಂಡ್ ಅಂತ ಹತ್ತಿರ ಹತ್ತಿರ 400 ಡಾಲರ್. ಹಗಲು ಬೆಳಕಿನ ಮುಂದೆ ಅದರ ಆಟ ನಡೆಯಲಿಲ್ಲ. ಆಮೇಲೆ ಮೂರು ಆಯಾಮದ ಮಾದರಿ ಮಾಡುವ ಸಾಫ್ಟ್‌ವೇರ್‌ಗೆ ತಿಂಗಳ ಚಂದಾ. ಕಲ್ಲಿನ ಆಕಾರ ಚೆನ್ನಾಗಿ ಬಂತು, ಅಕ್ಷರ ಬರಲಿಲ್ಲ. ಕಪ್ಪು ಗೋಲಿ ಇಟ್ಟು ಹತ್ತಾರು ಕಡೆಯಿಂದ ಬೆಳಕು ಹಾಯಿಸುವ ವಿಧಾನ ಒಳ್ಳೆಯದೇ, ಆದರೆ ಒಂದು ಕಲ್ಲಿಗೆ ಅರ್ಧ ದಿನ ಹೋಗುತ್ತದೆ. ಸಾಲುಗಟ್ಟಲೆ ಕಲ್ಲು ಇರುವ ಕಡೆ ಯಾರಿಗೆ ಪುರುಸೊತ್ತು?

ಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಮೈಮೇಲೆ ಓರೆಯಾಗಿ ಹಾಯಿಸಿದರೆ ಸವೆದ ಗೀರಿನಲ್ಲೂ ನೆರಳು ಬಿದ್ದು ಅಕ್ಷರ ಕಾಣುತ್ತದೆ. ಆದರೆ ಒಂದೇ ಕನ್ನಡಿಯ ತೊಂದರೆ ಏನು ಗೊತ್ತಾ? ಬೆಳಕು ಯಾವ ದಿಕ್ಕಿಗೆ ಓಡುತ್ತದೋ ಅದೇ ದಿಕ್ಕಿನ ಗೀರು ಮಾಯ. ಪಕ್ಕದಿಂದ ಹಾಯಿಸಿದರೆ ನಿಂತ ಗೀರು ಎದ್ದು ಕಾಣುತ್ತದೆ, ಮಲಗಿದ ಗೀರು ಹೋಗುತ್ತದೆ. ಒಂದು ಕಲ್ಲಿನ ವರ್ಷ ಹಳೆಯ ಪಟ್ಟಿಯಲ್ಲಿ 1851 ಎಂದಿತ್ತು. ಪಕ್ಕದ ಬೆಳಕಿನಲ್ಲಿ ಕೊನೆಯ ಅಂಕಿ ನನಗೂ 1 ಅಂತಲೇ ಕಂಡಿತು. ಮೇಲಿನಿಂದ ಬೆಳಕು ಜಾರಿಸಿದ ಕೂಡಲೇ ಕೂದಲೆಳೆಯಷ್ಟು ತೆಳ್ಳಗೆ ಒಂದು ಅಡ್ಡಗೀರು ಎದ್ದಿತು. ಅದು 4! ಮನೆತನದ ಹೆಸರು ಬರೆಯುವುದಿಲ್ಲ, ಆದರೆ ಅಂದು ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ.

ಹಾಗಾಗಿ ದೊಡ್ಡ ಕನ್ನಡಿ ಬಿಸಿಲಿನ ಕಡೆ, ಚಿಕ್ಕದು ಕಲ್ಲಿನ ನೆತ್ತಿಯ ಹತ್ತಿರ. ದೊಡ್ಡದು ಹಿಡಿದ ಬಿಸಿಲನ್ನು ಚಿಕ್ಕದು ಕೆಳಕ್ಕೆ ತಿರುಗಿಸಬೇಕು. ಬಾಗಿಲಿಗೆ ತಗುಲಿಸುವ ಅಗ್ಗದ ಗಾಜಿನ ಕನ್ನಡಿ 12 ಡಾಲರ್ ಇರಬಹುದು, ಗಾಳಿಗೆ ಬಿದ್ದು ಒಡೆಯಿತು. ಅಕ್ರಿಲಿಕ್ ಹಾಳೆ ಒಡೆಯುವುದಿಲ್ಲ, ಆದರೆ ಬಾಗಿ ಬೆಳಕನ್ನು ಪಟ್ಟೆಪಟ್ಟೆ ಮಾಡುತ್ತದೆ. ಪ್ಲೈವುಡ್‌ಗೆ ಅಂಟಿಸಿದೆ, ಸರಿಹೋಯಿತು. ಕಲ್ಲಿಗೆ ಕಪ್ಪು ಕೊಡೆಯ ನೆರಳು ಬೇಕೇ ಬೇಕು, ಇಲ್ಲದಿದ್ದರೆ ಆಕಾಶದ ಬೆಳಕು ಎಲ್ಲವನ್ನೂ ತೊಳೆದುಬಿಡುತ್ತದೆ. ಕ್ಯಾಮೆರಾ ಅಲುಗಿಸದೆ ಪಕ್ಕದ ಬೆಳಕಿನಲ್ಲಿ ಒಂದು, ಮೇಲಿನ ಬೆಳಕಿನಲ್ಲಿ ಒಂದು ಚಿತ್ರ. ಸೂರ್ಯ ಸರಿಯುತ್ತಲೇ ಇರುತ್ತಾನೆ, ಬೇಗ ಮುಗಿಸಿ. ಈ ಕನ್ನಡಿಯ ಏರ್ಪಾಟಿಗೆ ಎಲ್ಲ ಸೇರಿ ಖರ್ಚು 70 ಡಾಲರ್ ದಾಟಿಲ್ಲ. ಚಿಕ್ಕ ಕನ್ನಡಿಯ ಓರೆ ಎಷ್ಟು, ಎರಡು ಚಿತ್ರವನ್ನು ಹೇಗೆ ಬೆಸೆಯುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಊರಿಗೆ ಬಂದಾಗ ಕೆರೆ ಏರಿಯ ವೀರಗಲ್ಲಿನ ಮೇಲೂ ನೋಡಿದೆ. ಕನ್ನಡದ ಅಕ್ಷರ ದುಂಡಗಿರುವುದರಿಂದ ಒಂದು ದಿಕ್ಕಿನ ಬೆಳಕಿಗೆ ಪ್ರತಿ ಅಕ್ಷರದಲ್ಲೂ ಒಂದೊಂದು ತುಂಡು ಹೋಗುತ್ತದೆ. ಎರಡು ಸಾಲಲಿಲ್ಲ, ನಾಲ್ಕು ದಿಕ್ಕು ಬೇಕಾಯಿತು. ಕಲ್ಲುಹೂವು ಹಿಡಿದ ಕಡೆ ಯಾವ ಬೆಳಕೂ ನಡೆಯಲಿಲ್ಲ. ಶಾಸನದ ಅಚ್ಚು ತೆಗೆಯುವವರು ಕಾಗದ, ಮಸಿ ಹಿಡಿದು ಮಾಡುವ ಕೆಲಸಕ್ಕೆ ಇದು ಬದಲಿಯಲ್ಲ, ಜೊತೆಗಿದ್ದರೆ ಒಳ್ಳೆಯದು.

ಇನ್ನೊಂದು ನೋಡಬೇಕಾದ ಕಲ್ಲು ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿದೆ, ರಾಜ್ಯ ಶಾಸನಸಭೆಯ ಅಂಗಳದ ಥರ್ಮಂಡ್ ಸ್ಮಾರಕ. ಅವನು ಸತ್ತ ಆರು ತಿಂಗಳಿಗೆ, ತಾನು ಅವನ ಮಗಳು ಎಂದು ಎಸ್ಸಿ ಮೇ ವಾಷಿಂಗ್ಟನ್-ವಿಲಿಯಮ್ಸ್ ಹೇಳಿದರು. ತಾಯಿ ಅವನ ತಂದೆಯ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗಿ. 2004ರಲ್ಲಿ ಸ್ಮಾರಕಕ್ಕೆ ಅವರ ಹೆಸರು ಸೇರಿಸಿ, ಮಕ್ಕಳು 'ನಾಲ್ಕು' ಎಂದಿದ್ದದ್ದನ್ನು 'ಐದು' ಎಂದು ತಿದ್ದಿದರು. ಕಲ್ಲಿನಲ್ಲಿ ತಿದ್ದಿದ್ದನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಅಲ್ಲಿ ಕನ್ನಡಿಯೇ ಬೇಡ, ಹತ್ತಿರ ಹೋಗಿ ನೋಡಿದರೆ ಸಾಕು.

ಮುಂದಿನ ಚಳಿಗಾಲಕ್ಕೆ ಟ್ರೆಂಟನ್. ಬೇಸಿಗೆಯಲ್ಲಿ ಹೋಗಬೇಡಿ, ಆ ಹುಲ್ಲಿನಲ್ಲಿ ಮಂಡಿಯೂರಿದರೆ ಕೆಂಪಿರುವೆ ಬಿಡುವುದಿಲ್ಲ. ಸ್ಮಶಾನ ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಿ. ಕೊಡೆ ಹಿಡಿಯಲು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.